ಎಷ್ಟು ಬಿಗಿ ಹಿಡಿಯಬೇಕು?

ಕಳೆದ ಶ್ರಾವಣದ ಒಂದು ಸಂಜೆ, ಬೆಟಗೇರಿಯಲ್ಲಿ ನಮ್ಮ ಕಾಕಾನ ಮನೆಯ ಕಟ್ಟೆಯ ಮೇಲೆ ಎರಡು ನೋಯುವ ಕೈಗಳು ಅಕ್ಕಪಕ್ಕ ಕುಳಿತಿದ್ದವು. ಒಂದು, ಬೆಂಗಳೂರಿನ ಕಂಪನಿಯೊಂದರಲ್ಲಿ ಕೆಲಸ ಮಾಡುವ ನನ್ನ ತಂಗಿಯ ಮಗನದು. ಇನ್ನೊಂದು, ನಲವತ್ತು ವರ್ಷ ಮಗ್ಗದ ಮುಂದೆ ಕುಳಿತ ಕಾಕಾನದು. ಹುಡುಗನ ಮುಂಗೈಗೆ ಕಪ್ಪು ಪಟ್ಟಿ ಸುತ್ತಿತ್ತು. ಕಾಕಾನ ಹೆಬ್ಬೆರಳು ಮಡಿಚಿದರೆ ಮಡಿಚಿದಂತೆಯೇ ಸಿಕ್ಕಿಕೊಳ್ಳುತ್ತಿತ್ತು, ಎಡಗೈಯಿಂದ ಬಿಡಿಸಿದರೆ ‘ಟಕ್’ ಎಂದು ಸಪ್ಪಳ ಮಾಡಿ ನೆಟ್ಟಗಾಗುತ್ತಿತ್ತು.

“ಏನಾತೋ ತಮ್ಮಾ ಕೈಗೆ?” ಎಂದು ಕಾಕಾ ಕೇಳಿದ.

“ಗಾಲ್ಫ್ ಆಡಾಕ ಹೋಗಿ ಹಿಂಗಾತು ಅಜ್ಜಾ. ಕೋಲು ಹಿಡಿಯೋದು ತಪ್ಪಿತ್ತಂತ. ಭಾಳ ಬಿಗಿ ಹಿಡೀತಿದ್ನಿ.”

ಕಾಕಾನಿಗೆ ನಗು ಬಂತು. ಕೋಲು ಹಿಡಿಯುವುದನ್ನು ದುಡ್ಡು ಕೊಟ್ಟು ಕಲಿಯುತ್ತಾರೆ ಎಂಬುದು ಅವನಿಗೆ ಹೊಸ ಸುದ್ದಿ. ನಮ್ಮ ಕಡೆ ಗಾಲ್ಫ್ ಆಡುವವರನ್ನು ನಾನಂತೂ ಕಂಡಿಲ್ಲ. ಬೆಂಗಳೂರಿನಲ್ಲಿ 1876ರಷ್ಟು ಹಿಂದೆಯೇ ಗಾಲ್ಫ್ ಕ್ಲಬ್ ಶುರುವಾಗಿತ್ತು ಎಂದು ಓದಿದ್ದೆ, ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಬೆಂಗಳೂರಿನ ಅದಿತಿ ಅಶೋಕ್ ನಾಲ್ಕನೆಯ ಸ್ಥಾನಕ್ಕೆ ಬಂದಾಗ ಟಿವಿಯಲ್ಲಿ ನೋಡಿದ್ದೆ. ನನ್ನ ಗಾಲ್ಫ್ ಜ್ಞಾನ ಅಷ್ಟೇ. ಹುಡುಗ ಎದ್ದು ಮೂಲೆಯಲ್ಲಿದ್ದ ಸಲಿಕೆಯ ಕಾವನ್ನು ತಂದು, ಹೇಗೆ ಹಿಡಿಯಬೇಕೆಂದು ನಮಗೆ ತೋರಿಸಿದ.

ಕೋಲು ಅಂಗೈಯ ನಡುವೆ ಕೂರಬಾರದು, ಬೆರಳುಗಳಲ್ಲಿ ಕೂರಬೇಕು. ಎಡಗೈಯ ಕಿರುಬೆರಳಿನ ಬುಡದಿಂದ ತೋರುಬೆರಳಿನ ನಡುಗಂಟಿನವರೆಗೆ ಅದು ಓರೆಯಾಗಿ ಹಾಯಬೇಕು. ಅಂಗೈಯ ಹಿಮ್ಮಡಿಯಂಥ ದಪ್ಪ ಭಾಗ ಅದರ ಮೇಲೆ ಒರಗಬೇಕು. ಎಡಗೈಯ ಕೊನೆಯ ಮೂರು ಬೆರಳು ಹಿಡಿತದ ಭಾರ ಹೊರಬೇಕು, ಹೆಬ್ಬೆರಳು-ತೋರುಬೆರಳು ಹಿಚುಕಬಾರದು. ಕೆಳಗೆ ಬಲಗೈ, ಅದರ ಕಿರುಬೆರಳು ಎಡಗೈಯ ತೋರುಬೆರಳು ಮತ್ತು ನಡುಬೆರಳ ಸಂದಿನ ಮೇಲೆ ಮಲಗಬೇಕು. ಆರು ಸಲ ಬ್ರಿಟಿಷ್ ಓಪನ್ ಗೆದ್ದ ಹ್ಯಾರಿ ವಾರ್ಡನ್ ಈ ಪದ್ಧತಿಯನ್ನು ಜನಪ್ರಿಯ ಮಾಡಿದ್ದರಿಂದ ಅದಕ್ಕೆ ಅವನ ಹೆಸರೇ ಬಂದಿದೆ. ಇನ್ನು ಬಿಗಿ ಎಷ್ಟು? ಅಮೆರಿಕದ ಆಟಗಾರ ಸ್ಯಾಮ್ ಸ್ನೀಡ್ ಹೆಸರಿನಲ್ಲಿ ಒಂದು ಮಾತು ಪ್ರಚಾರದಲ್ಲಿದೆ. ಕೈಯಲ್ಲಿ ಸಣ್ಣ ಹಕ್ಕಿ ಇದೆ ಎಂದುಕೊಳ್ಳಬೇಕಂತೆ. ಅದು ಹಾರಿಹೋಗಬಾರದು, ಅದಕ್ಕೆ ನೋವೂ ಆಗಬಾರದು.

ಕಾಕಾ ಇದನ್ನೆಲ್ಲ ಕೇಳಿ ಅಂದ: “ಖರೇನ ಐತಿ. ಲಾಳಿ ಹಗ್ಗಾನೂ ಹಂಗ. ಗಟ್ಟಿ ಜಗ್ಗಿದ್ರ ಲಾಳಿ ಆಕಡೆ ಬಡದು ಹಾರತೈತಿ. ಹಗೂರ ಜಗ್ಗಿದ್ರ ನಡುವ ನಿಲ್ಲತೈತಿ.”

ಗಾಲ್ಫಿಗನಿಗೂ ನೇಕಾರನಿಗೂ ಗೊತ್ತಿರುವ ಈ ಒಂದೇ ಸತ್ಯದ ಬಗ್ಗೆ, ಮತ್ತು ಅದು ಎಲ್ಲಿಯವರೆಗೆ ಸತ್ಯ ಎಂಬುದರ ಬಗ್ಗೆ ನಾನು ಅಂದಿನಿಂದ ಯೋಚಿಸುತ್ತಿದ್ದೇನೆ.

ಬಿಗಿಯಾಗಿ ಹಿಡಿದರೆ ಯಾಕೆ ಕೆಡುತ್ತದೆ? ಬೆರಳುಗಳ ಒಳಗೆ ಅವುಗಳನ್ನು ಮಡಿಚುವ ಸ್ನಾಯುಗಳಿಲ್ಲ. ಆ ಶಕ್ತಿಯ ಬಹುಪಾಲು ಬರುವುದು ಮೊಣಕೈ ಕೆಳಗಿನ ಸ್ನಾಯುಗಳಿಂದ. ಅಲ್ಲಿಂದ ಹೊರಟ ಸ್ನಾಯುಹುರಿಗಳು ಮಣಿಕಟ್ಟಿನ ಇಕ್ಕಟ್ಟಿನಲ್ಲಿ ನುಸುಳಿ ಬೆರಳ ತುದಿ ಮುಟ್ಟುತ್ತವೆ. ಬಾವಿಯ ಗಾಲಿಯ ಮೇಲೆ ಹಗ್ಗ ಓಡುವ ಹಾಗೆ ಅವು ಸಣ್ಣ ಸಣ್ಣ ಪಟ್ಟಿಗಳ ಕೆಳಗೆ ಓಡಾಡುತ್ತವೆ. ಗಟ್ಟಿ ಹಿಡಿತವನ್ನು ಮತ್ತೆ ಮತ್ತೆ ಮಾಡಿದರೆ ಹುರಿ ಬಾತು, ಪಟ್ಟಿ ದಪ್ಪವಾಗಿ, ಓಡಾಟಕ್ಕೆ ತಡೆ ಬೀಳುತ್ತದೆ. ಕಾಕಾನ ಹೆಬ್ಬೆರಳು ‘ಟಕ್’ ಎನ್ನುವುದು ಇದಕ್ಕೇ. ಗಾಲ್ಫಿಗರಿಗೆ ಮೊಣಕೈಯ ಒಳಬದಿ ನೋಯುವುದು, ಕೋಲಿನ ತುದಿ ಅಂಗೈಗೆ ಒತ್ತಿ ಅಲ್ಲಿನ ಸಣ್ಣ ಎಲುಬು ಬಿರಿಯುವುದು, ಇವೂ ಹಿಡಿತದ ಲೆಕ್ಕ ತಪ್ಪಿದಾಗ ಆಗುವಂಥವು.

ನೀವೇ ಒಮ್ಮೆ ಮಾಡಿ ನೋಡಿ. ಮಣಿಕಟ್ಟನ್ನು ಒಳಗೆ ಪೂರ್ತಿ ಬಾಗಿಸಿ, ಆಮೇಲೆ ಮುಷ್ಟಿ ಬಿಗಿಯಲು ಪ್ರಯತ್ನಿಸಿ. ಮುಷ್ಟಿ ಗಟ್ಟಿಯಾಗುವುದೇ ಇಲ್ಲ. ಮಣಿಕಟ್ಟು ನೆಟ್ಟಗಿಟ್ಟು ಹಿಡಿದರೆ ಅದೇ ಕೈ ಬಲವಾಗುತ್ತದೆ. ಅಂದರೆ ಬಲ ಎನ್ನುವುದು ಹಿಚುಕುವಿಕೆಯಲ್ಲಿ ಇಲ್ಲ, ಕೈ ನಿಂತ ರೀತಿಯಲ್ಲಿದೆ. ಇನ್ನೊಂದು ಸಂಗತಿ: ಕೈ ಬಿಗಿಯಾದಷ್ಟೂ ಮಣಿಕಟ್ಟು, ಮೊಣಕೈ, ಭುಜ ಒಂದರ ಹಿಂದೊಂದು ಮರಗಟ್ಟುತ್ತವೆ. ಕೋಲನ್ನು ಪೂರ್ತಿ ಹಿಡಿತಕ್ಕೆ ತೆಗೆದುಕೊಂಡೆ ಎಂದು ಅನ್ನಿಸುವ ಹೊತ್ತಿಗೆ ಕೋಲಿನ ಮೇಲಿನ ಹಿಡಿತವೇ ತಪ್ಪಿರುತ್ತದೆ.

ಇದನ್ನು ನಾನು ಲಕ್ಷ್ಮೇಶ್ವರದಲ್ಲಿ ಪಾಠ ಮಾಡುವಾಗ ಪ್ರತಿ ವರ್ಷ ಪರೀಕ್ಷೆಯ ಕೋಣೆಯಲ್ಲಿ ಕಂಡಿದ್ದೇನೆ. ಮೊದಲ ಅರ್ಧ ತಾಸಿನಲ್ಲೇ ಕೆಲವು ಮಕ್ಕಳು ಪೆನ್ನು ಕೆಳಗಿಟ್ಟು ಬೆರಳು ಕೊಡವಿಕೊಳ್ಳುತ್ತಾರೆ. ಅವರ ಅಕ್ಷರ ಹಿಂದಿನ ಪುಟದಲ್ಲೂ ಮೂಡಿರುತ್ತದೆ. ಪೆನ್ನಿಗೆ ಅಷ್ಟು ಒತ್ತು ಬೇಕಿಲ್ಲ, ಆ ಒತ್ತು ಅಂಜಿಕೆಯದು. ಎಲ್ಲಿ ಜಾರುತ್ತದೋ ಎಂಬ ಭಯವಿದ್ದಲ್ಲಿ ಕೈ ತಾನಾಗಿ ಬಿಗಿಯಾಗುತ್ತದೆ. ಜಾತ್ರೆಯಲ್ಲಿ ಮಗುವಿನ ಕೈ ಹಿಡಿದ ತಾಯಿ, ಹೊಸದಾಗಿ ಸೈಕಲ್ ಕಲಿಯುವ ಹುಡುಗ, ಮಗಳ ಮೊಬೈಲನ್ನು ಕದ್ದು ನೋಡುವ ಅಪ್ಪ, ಇವರೆಲ್ಲರ ಕೈಯಲ್ಲಿರುವುದು ಒಂದೇ ಬಿಗಿ.

ನಮ್ಮ ಮಾತಿನಲ್ಲಿ ‘ಹಿಡಿ’ ಎಂಬ ಎರಡಕ್ಷರ ಎಷ್ಟು ಕೆಲಸ ಮಾಡುತ್ತದೆ ನೋಡಿ. ಮದುವೆಯೆಂದರೆ ಕೈ ಹಿಡಿಯುವುದು. ಮಳೆ ಚೆನ್ನಾಗಿ ಬಂದರೆ ಮುಂಡರಗಿ ಕಡೆಯ ರೈತ ‘ಈ ವರ್ಷ ಶೇಂಗಾ ಕೈ ಹಿಡೀತು’ ಎನ್ನುತ್ತಾನೆ. ಹಟ ಹಿಡಿಯುತ್ತೇವೆ, ದಾರಿ ಹಿಡಿಯುತ್ತೇವೆ, ಹುಚ್ಚು ನಮ್ಮನ್ನು ಹಿಡಿಯುತ್ತದೆ. ಮನಸ್ಸಿಗೆ ಬಂದದ್ದು ‘ಹಿಡಿಸಿತು’ ಎನ್ನುತ್ತೇವೆ. ಮದುವೆಯ ಹಿಡಿಯೂ ಹುಚ್ಚಿನ ಹಿಡಿಯೂ ಒಂದೇ ಶಬ್ದ. ಯಾರು ಯಾರನ್ನು ಹಿಡಿದಿದ್ದಾರೆ ಎಂಬುದಷ್ಟೇ ವ್ಯತ್ಯಾಸ. ಬಿಗಿ ಒಂದು ಹದ ದಾಟಿದ ಮೇಲೆ ನಾವು ಹಿಡಿದ ವಸ್ತುವೇ ನಮ್ಮನ್ನು ಹಿಡಿದಿರುತ್ತದೆ.

ಇಲ್ಲಿಯವರೆಗೆ ಬಂದರೆ ತೀರ್ಮಾನ ಸುಲಭ. ಹದವಾಗಿ ಹಿಡಿ, ಹೆಚ್ಚು ಹಚ್ಚಿಕೊಳ್ಳಬೇಡ, ಸಡಿಲು ಬಿಡು. ಬುದ್ಧ ಮತ್ತು ಸೋಣನ ಕತೆ ಇದಕ್ಕೆ ಒಳ್ಳೆಯ ಸಾಕ್ಷಿ. ಸೋಣ ಎಂಬ ಭಿಕ್ಷು ಪಾದಗಳಿಂದ ರಕ್ತ ಬರುವ ತನಕ ಓಡಾಡುತ್ತ ಧ್ಯಾನ ಮಾಡಿದ, ಆದರೂ ಅವನಿಗೆ ಏನೂ ದಕ್ಕಲಿಲ್ಲ. ಬುದ್ಧ ಅವನಿಗೆ ಅವನೇ ಬಲ್ಲ ವೀಣೆಯ ನೆನಪು ಮಾಡಿಕೊಟ್ಟ. ತಂತಿ ಅತಿ ಬಿಗಿಯಾದರೂ ನುಡಿಯುವುದಿಲ್ಲ, ಅತಿ ಸಡಿಲಾದರೂ ನುಡಿಯುವುದಿಲ್ಲ. ಎಷ್ಟೋ ವೇದಿಕೆಗಳಲ್ಲಿ ನಾನೂ ಈ ಕತೆ ಹೇಳಿ ಚಪ್ಪಾಳೆ ಗಿಟ್ಟಿಸಿದ್ದೇನೆ. ಅಂದು ಸಂಜೆಯೂ ಹೇಳಿದೆ. ಹುಡುಗ ತಲೆದೂಗಿದ. “ನೀವೂ ಒಂದೀಟು ಸಡಲ ಹಿಡೀಬೇಕು ಅಜ್ಜಾ. ನನಗ ಕಲಿಸಿದವ್ರೂ ಅದನ್ನ ಹೇಳ್ಯಾರ” ಎಂದ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಅಂದ: “ಕೈ ಬಿಗಿ ಇದ್ದಾಂವ ಕೈ ಸಡಲ ಹೆಂಗ ಬಿಡ್ತಾನೋ ತಮ್ಮಾ?”

ಹೊರಗಿನ ಓದುಗರಿಗೆ ಬಿಡಿಸಿ ಹೇಳಬೇಕು. ನಮ್ಮಲ್ಲಿ ‘ಕೈ ಬಿಗಿ ಐತಿ’ ಎಂದರೆ ದುಡ್ಡಿಲ್ಲ ಎಂದು ಅರ್ಥ. ಕಾಕಾ ಮಾತಿನ ಆಟ ಆಡಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವನು ಕೂಲಿ ನೇಕಾರ. ನೂಲು ಸಾಹುಕಾರರದು, ಸೀರೆಯೂ ಸಾಹುಕಾರರದು, ಅವನಿಗೆ ಸೀರೆಗಿಷ್ಟು ಎಂದು ಕೂಲಿ. ಲಾಳಿಯ ಹಗ್ಗ ಎಷ್ಟು ಹದವಾಗಿ ಜಗ್ಗಿದರೂ ದಿನಕ್ಕೆ ಸಾವಿರಾರು ಸಲ ಜಗ್ಗಲೇಬೇಕು. ಒಂದೊಂದು ಎಳೆಗೆ ಒಂದೊಂದು ಸಲ. 1733ರಲ್ಲಿ ಇಂಗ್ಲೆಂಡಿನ ಜಾನ್ ಕೇ ಎಂಬವನು ಹಗ್ಗ ಜಗ್ಗಿದರೆ ಓಡುವ ಲಾಳಿಯನ್ನು ಕಂಡುಹಿಡಿದ. ಅದರಿಂದ ಲಾಳಿಯನ್ನು ಕೈಯಿಂದ ಕೈಗೆ ಎಸೆಯುವುದು ತಪ್ಪಿತು, ನೇಯ್ಗೆಯ ವೇಗ ಹೆಚ್ಚಿತು. ವೇಗ ಹೆಚ್ಚಿದ ಮೇಲೆ ಅದೇ ವೇಗ ಕೂಲಿಯ ಅಳತೆಯೂ ಆಯಿತು. ಕೈಗೆ ವಿಶ್ರಾಂತಿ ಸಿಗಲಿಲ್ಲ.

ಕಾಕಾನ ಮಾತು ಕೇಳಿದ ಮೇಲೆ ಸೋಣನ ಕತೆಯನ್ನು ನಾನು ಬೇರೆ ರೀತಿ ಓದತೊಡಗಿದೆ. ಸೋಣ ಸಿರಿವಂತರ ಮಗ. ತನ್ನ ತಂತಿಯನ್ನು ಅತಿಯಾಗಿ ಬಿಗಿದವನು ತಾನೇ. ತಾನೇ ಬಿಗಿದದ್ದನ್ನು ತಾನೇ ಸಡಿಲಿಸಬಲ್ಲ, ಆದ್ದರಿಂದ ಬುದ್ಧನ ಮಾತು ಅವನಿಗೆ ಔಷಧಿಯಾಯಿತು. ಬುದ್ಧ ಆ ಮಾತನ್ನು ಯಾರಿಗೆ ಹೇಳಿದ ಎಂಬುದನ್ನು ಮರೆತು ನಾವು ಎಲ್ಲರಿಗೂ ಹಂಚುತ್ತೇವೆ. ಬೇರೆಯವರು ಬಿಗಿದ ತಂತಿಗೆ ‘ಸಡಿಲಾಗು’ ಎಂದು ಹೇಳಿದರೆ ಅದು ಉಪದೇಶವಲ್ಲ, ಆರೋಪ. ‘ನಿನ್ನ ನೋವಿಗೆ ನಿನ್ನ ಹಿಡಿತವೇ ಕಾರಣ’ ಎಂದು ಹೇಳಿದ ಹಾಗೆ.

ನೋವಿನಲ್ಲಿ ಎರಡು ಜಾತಿಯಿದೆ. ಒಂದು, ತಪ್ಪಾಗಿ ಹಿಡಿದದ್ದರಿಂದ ಬಂದದ್ದು. ಇನ್ನೊಂದು, ಸರಿಯಾಗಿಯೇ ಹಿಡಿದು, ಬಹಳ ಹೊತ್ತು ಬಿಡಲಾರದ್ದರಿಂದ ಬಂದದ್ದು. ಮೊದಲನೆಯದನ್ನು ಕಲಿಕೆಯಿಂದ ಗುಣಪಡಿಸಬಹುದು. ಎರಡನೆಯದಕ್ಕೆ ಕಲಿಸುವುದೇನೂ ಇಲ್ಲ. ಕಾಕಾನಿಗಿಂತ ಚೆನ್ನಾಗಿ ಹಗ್ಗ ಹಿಡಿಯುವುದನ್ನು ಯಾರು ಕಲಿಸಬೇಕು?

ಹಿಡಿಕೆಯ ವಿಷಯವೂ ಇದೆ. ಮನುಷ್ಯನಿಗೆ ಕೈಯಿದೆ, ಆದ್ದರಿಂದ ಅವನು ಬುದ್ಧಿವಂತನಾದ ಎಂದು ಗ್ರೀಸಿನ ಅನಾಕ್ಸಾಗೊರಸ್ ಹೇಳಿದನಂತೆ. ಅರಿಸ್ಟಾಟಲ್ ಅದನ್ನು ತಿರುಗಿಸಿ, ಬುದ್ಧಿಯಿದ್ದದ್ದರಿಂದಲೇ ಕೈ ದೊರೆಯಿತು ಎಂದ. ಇಬ್ಬರೂ ಹೊಲದ ಬದುವಿನಲ್ಲಿ ನಿಂತು ನೋಡಿದ್ದರೆ ಮೂರನೆಯ ಪ್ರಶ್ನೆ ಕೇಳುತ್ತಿದ್ದರೇನೋ: ಕೈಗೆ ತಕ್ಕ ಹಿಡಿಕೆಯೋ, ಹಿಡಿಕೆಗೆ ತಕ್ಕ ಕೈಯೋ? ಗಾಲ್ಫ್ ಅಂಗಡಿಯಲ್ಲಿ ಕೈ ಅಳೆದು ಹಿಡಿಕೆಯ ದಪ್ಪ ಆರಿಸುತ್ತಾರಂತೆ, ಯಾಕೆಂದರೆ ಹಿಡಿಕೆ ಅತಿ ತೆಳ್ಳಗಿದ್ದರೆ ಅದನ್ನು ತಡೆದುಕೊಳ್ಳಲು ಬೆರಳು ಹೆಚ್ಚು ಬಿಗಿಯಬೇಕು. ಶಿರಹಟ್ಟಿ, ಮುಂಡರಗಿಯ ಎರೆಹೊಲಗಳಲ್ಲಿ ದಿನವಿಡೀ ಕುಕ್ಕರಗಾಲಲ್ಲಿ ಕೂತು ಕಳೆ ತೆಗೆಯುವ ಹೆಣ್ಣುಮಕ್ಕಳ ಕೈಯನ್ನು ಅಳೆದು ಕುಡುಗೋಲಿಗೆ ಹಿಡಿಕೆ ಹಾಕಿದ್ದನ್ನು ನಾನು ನೋಡಿಲ್ಲ. ಸಂತೆಯಲ್ಲಿ ಸಿಕ್ಕದ್ದನ್ನು ತರುತ್ತಾರೆ, ಹಳೆಯ ಸೀರೆಯ ಚೂರನ್ನು ಹಿಡಿಕೆಗೆ ಸುತ್ತಿಕೊಳ್ಳುತ್ತಾರೆ. ಆ ಚೂರು ಬಟ್ಟೆ ಹಿಡಿಕೆಯನ್ನು ದಪ್ಪ ಮಾಡುತ್ತದೆ, ಹೊಡೆತವನ್ನು ಹೀರುತ್ತದೆ. ಯಾವ ತರಬೇತುದಾರನೂ ಹೇಳಿಕೊಡದೆ ಅವರು ಸರಿಯಾದದ್ದನ್ನೇ ಮಾಡಿಕೊಂಡಿದ್ದಾರೆ. ತಿಳಿವಳಿಕೆಗೆ ಅಲ್ಲಿ ಕೊರತೆಯಿಲ್ಲ.

ಹಾಗಾದರೆ ಹದದ ಮಾತೇ ಸುಳ್ಳೇ? ಬಡವನಿಗೆ ಬಿಗಿ, ಉಳ್ಳವನಿಗೆ ಸಡಿಲು ಎಂದು ಹೇಳಿ ಮುಗಿಸಿಬಿಡೋಣವೇ? ಅದೂ ನನಗೆ ಸರಿ ಕಾಣುವುದಿಲ್ಲ. ಹುಡುಗನ ನೋವೂ ನೋವೇ. ಅವನು ಗಾಲ್ಫಿಗೆ ಹೋದದ್ದೇ ಮೇಲಿನವರ ಜೊತೆ ಒಡನಾಟ ಬೆಳೆಯಲಿ ಎಂದು, ಆಟದಲ್ಲೂ ಅವನು ನೌಕರಿಯನ್ನೇ ಹಿಡಿದಿದ್ದ. ಕೋಲನ್ನು ಬಿಗಿ ಹಿಡಿದದ್ದು ಅವನ ಕೈಯಲ್ಲ, ಅವನ ಮನೆ ಸಾಲದ ಕಂತು ಎಂದು ಆಮೇಲೆ ಮಾತಿನ ನಡುವೆ ತಿಳಿಯಿತು. ‘ಸಡಿಲು ಹಿಡಿ’ ಎಂದು ಅವನಿಗೆ ಹೇಳಿಕೊಟ್ಟವರು ಆ ಕಂತಿನ ಬಗ್ಗೆ ಏನೂ ಹೇಳಿರಲಿಲ್ಲ.

ಸಡಿಲಿಸುವ ಧೈರ್ಯ ಎಲ್ಲಿಂದ ಬರುತ್ತದೆ? ಇದಕ್ಕೆ ಉತ್ತರ ಆ ಗಾಲ್ಫ್ ಹಿಡಿತದಲ್ಲೇ ಇದೆ ಎಂದು ನನಗೆ ಅನ್ನಿಸುತ್ತದೆ. ಎಡಗೈ ಮೃದುವಾಗಿ ಹಿಡಿಯಲು ಸಾಧ್ಯವಾಗುವುದು ಬಲಗೈಯೂ ಅಲ್ಲಿರುವುದರಿಂದ. ಒಂದರ ಕಿರುಬೆರಳು ಇನ್ನೊಂದರ ಮೇಲೆ ಮಲಗಿದೆ, ಎರಡೂ ಸೇರಿ ಒಂದೇ ಕೈಯಂತೆ ತಿರುಗುತ್ತವೆ. ಒಂಟಿ ಕೈಯಲ್ಲಿ ಅದೇ ಕೋಲನ್ನು ಬೀಸಿ ನೋಡಿ, ಬೆರಳು ತಾನಾಗಿ ಕಚ್ಚಿ ಹಿಡಿಯುತ್ತದೆ. ಇನ್ನೊಂದು ಕೈ ಹಿಡಿದಿದೆ ಎಂಬ ನಂಬಿಕೆ ಇದ್ದಾಗ ಮಾತ್ರ ಈ ಕೈ ಸಡಿಲಾಗುತ್ತದೆ.

ಗದುಗಿನ ವೀರೇಶ್ವರ ಪುಣ್ಯಾಶ್ರಮ ನೆನಪಾಗುತ್ತದೆ. ಪಂಚಾಕ್ಷರಿ ಗವಾಯಿಗಳು (1892–1944) ಕಟ್ಟಿ, ಪುಟ್ಟರಾಜ ಗವಾಯಿಗಳು (1914–2010) ಬೆಳೆಸಿದ ಈ ಆಶ್ರಮದಲ್ಲಿ ಅಂಧ ಮಕ್ಕಳು ಸಂಗೀತ ಕಲಿತಿದ್ದಾರೆ. ಇಬ್ಬರು ಗುರುಗಳಿಗೂ ಕಣ್ಣಿರಲಿಲ್ಲ. ಗುರುವಿನ ಬೆರಳನ್ನು ನೋಡಿ ಕಲಿಯಲಾರದ ಮಗುವಿಗೆ ತಬಲಾದ ಮೇಲೆ ಕೈ ಹೇಗಿರಬೇಕೆಂದು ತಿಳಿಯುವುದು ಸ್ಪರ್ಶದಿಂದ. ‘ಕೈ ಸಡಿಲು ಬಿಡು’ ಎಂದು ದೂರದಿಂದ ಕೂಗಿ ಹೇಳಿದರೆ ಅಲ್ಲಿ ನಡೆಯುವುದಿಲ್ಲ, ಹೇಳುವವನು ಹತ್ತಿರ ಬಂದು ತನ್ನ ಕೈ ಕೊಡಬೇಕು. ಉಪದೇಶಕ್ಕೂ ಕಲಿಸುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ.

ಗದುಗಿಗೆ ಹತ್ತಿರದ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ದೇಶದ ಮೊದಲ ಕೃಷಿ ಸಹಕಾರಿ ಸಂಘ ಎಂದು ಅದರ ಹೆಸರು. ಶಾಲೆಯ ಮಕ್ಕಳು ಪರೀಕ್ಷೆಗಾಗಿ ಬಾಯಿಪಾಠ ಮಾಡುವ ಈ ಮಾಹಿತಿಯಲ್ಲಿ ನನಗೆ ಈಗ ಒಂದು ಕೈಯ ಚಿತ್ರ ಕಾಣುತ್ತದೆ. ಲೇವಾದೇವಿಯವರ ಸಾಲಕ್ಕೆ ಸಿಕ್ಕ ರೈತ ಒಬ್ಬನೇ ಇದ್ದಾಗ ಅವನ ಕೈ ಬಿಗಿ. ಹತ್ತು ಜನ ತಲಾ ಒಂದಿಷ್ಟು ಹಾಕಿ ಒಟ್ಟಿಗೆ ಹಿಡಿದಾಗ ಪ್ರತಿಯೊಬ್ಬನೂ ಹಿಡಿಯಬೇಕಾದದ್ದು ಕಡಿಮೆ. ಹತ್ತು ಜನರ ಹುಲ್ಲುಕಡ್ಡಿ ಒಬ್ಬನ ತಲೆಹೊರೆ ಎಂಬ ಗಾದೆಯನ್ನು ಹಿಂದುಮುಂದು ಮಾಡಿದರೆ, ಒಬ್ಬನ ತಲೆಹೊರೆ ಹತ್ತು ಜನರಿಗೆ ಹುಲ್ಲುಕಡ್ಡಿ.

ಹಾಗಾಗಿ ‘ಎಷ್ಟು ಬಿಗಿ ಹಿಡಿಯಬೇಕು?’ ಎಂಬ ಪ್ರಶ್ನೆಯನ್ನು ಒಂಟಿ ಕೈಗೆ ಕೇಳಬಾರದು ಎಂದು ನನಗೆ ಅನ್ನಿಸುತ್ತದೆ. ನನಗೆ ನಾನೇ ಕೇಳಿಕೊಂಡಾಗ ಅದು ನೀತಿ: ನಾನು ಯಾವುದಕ್ಕೆ ಅಂಜಿ ಇಷ್ಟು ಬಿಗಿ ಹಿಡಿದಿದ್ದೇನೆ? ಇನ್ನೊಬ್ಬರ ಕೈ ನೋಡಿ ಕೇಳುವಾಗ ಅದರ ಜೊತೆ ಇನ್ನೊಂದು ಪ್ರಶ್ನೆ ಸೇರಲೇಬೇಕು: ಅವರು ಸಡಿಲಿಸಿದರೆ ಬೀಳುವುದನ್ನು ಹಿಡಿಯಲು ಅಲ್ಲಿ ಯಾರಿದ್ದಾರೆ? ಯಾರೂ ಇಲ್ಲದಿದ್ದರೆ ಆ ಜಾಗಕ್ಕೆ ನಾವು ಹೋಗಬೇಕು, ಅಥವಾ ಬಾಯಿ ಮುಚ್ಚಿಕೊಂಡಿರಬೇಕು.

ಮರುದಿನ ಹುಡುಗ ಕಾಕಾನನ್ನು ಗದುಗಿನ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋದ. ಮೂರು ವಾರ ಹಗ್ಗ ಮುಟ್ಟಬಾರದು ಎಂದರು. ಮಗ್ಗದ ಮೇಲೆ ಅರ್ಧ ನೇಯ್ದ ಸೀರೆಯಿತ್ತು, ಇಳಕಲ್ಲ ಮಾದರಿಯದು. ಅದರಲ್ಲಿ ಒಡಲಿನ ಎಳೆಗಳಿಗೂ ಸೆರಗಿನ ಎಳೆಗಳಿಗೂ ಒಂದರಲ್ಲೊಂದು ಕೊಂಡಿ ಹಾಕಿ ಕೂಡಿಸುತ್ತಾರೆ. ಒಂದು ಎಳೆ ಇನ್ನೊಂದನ್ನು ಹಿಡಿದೇ ಸೀರೆ ನಿಲ್ಲುತ್ತದೆ. ಕಾಕಾನಿಗೆ ತನ್ನ ಬೆರಳಿಗಿಂತ ಅದರ ಚಿಂತೆಯೇ ಹೆಚ್ಚಾಯಿತು. ಓಣಿಯ ಇಬ್ಬರು ತಮ್ಮ ಮಗ್ಗದ ಕೆಲಸ ಮುಗಿಸಿ ಸಂಜೆ ಹೊತ್ತು ಸರದಿಯ ಮೇಲೆ ಬಂದು ಕೂತರು. ಹುಡುಗನೂ ಒಮ್ಮೆ ಕುಣಿಗೆ ಇಳಿದು ಹಗ್ಗ ಜಗ್ಗಿದ. ಲಾಳಿ ಆಕಡೆ ಬಡಿದು ನೆಲಕ್ಕೆ ಬಿತ್ತು. ಕಾಕಾ ಹಿಂದೆ ನಿಂತು ತನ್ನ ನೋಯುವ ಕೈಯನ್ನೇ ಅವನ ಕೈ ಮೇಲೆ ಇಟ್ಟು, “ಹಂಗಲ್ಲೋ, ಹಿಂಗ” ಎಂದ.

ಸೀರೆ ಮುಗಿಯಿತು. ಕೂಲಿಯಲ್ಲಿ ಆ ಇಬ್ಬರಿಗೆ ಪಾಲು ಹೋಯಿತು, ಆ ತಿಂಗಳ ಸಂತೆಯ ಖರ್ಚಿಗೆ ಹುಡುಗ ದುಡ್ಡು ಕಳಿಸಿದ. ಹೆಬ್ಬೆರಳು ಸುಧಾರಿಸಿತು. ಆದರೆ ಕಾಕಾ ಮತ್ತೆ ಮಗ್ಗಕ್ಕೆ ಕೂತಿದ್ದಾನೆ, ಕೂಲಿ ಈಗಲೂ ಸೀರೆಗಿಷ್ಟೇ ಇದೆ. ಮೊನ್ನೆ ಫೋನು ಮಾಡಿದಾಗ ಬೆರಳು ಹೇಗಿದೆ ಎಂದು ಕೇಳಿದೆ. “ಮುಂಜಾನೆ ಹೊತ್ತು ಒಂದೊಂದ್ಸಲ ಸಿಕ್ಕೊಳ್ಳತೈತಿ” ಎಂದ.